ಆಸ್ಪತ್ರೆಯ ಸಾಫ್ಟ್‌ವೇರನ್ನು ಎಬಿಡಿಎಂ ಸ್ಯಾಂಡ್‌ಬಾಕ್ಸಿಗೆ ಜೋಡಿಸುವುದು: ಉತ್ತರ ಕನ್ನಡದವರಿಗೆ ಒಂದು ಮಾರ್ಗದರ್ಶಿ

ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಜಿಲ್ಲೆ ದಾಟಿಯೇ ಹೋಗಬೇಕು. ಶಿರಸಿಯವರು ಹುಬ್ಬಳ್ಳಿಗೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ ಇಲ್ಲವೇ ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಬೇಡಿಕೆ ಹಳೆಯದು. ಅದು ಆಗುವಾಗ ಆಗಲಿ. ಆದರೆ ರೋಗಿಯ ಜೊತೆ ಹೋಗಬೇಕಾದ ದಾಖಲೆಗಳ ಕೆಲಸ ಇವತ್ತೇ ನಮ್ಮ ಕೈಯಲ್ಲಿದೆ. ರಾತ್ರಿ ಹೊತ್ತು ಆಂಬುಲೆನ್ಸ್ ಹತ್ತಿಸುವಾಗ ಮನೆಯವರಿಗೆ ಹಳೆಯ ಇಸಿಜಿ ಎಲ್ಲಿದೆ ಎಂದು ನೆನಪಾಗುವುದಿಲ್ಲ. ಅಲ್ಲಿನ ಡಾಕ್ಟರು ಮತ್ತೆ ಎಲ್ಲ ಟೆಸ್ಟನ್ನೂ ಮೊದಲಿನಿಂದ ಮಾಡಿಸುತ್ತಾರೆ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಅಂದರೆ ಎಬಿಡಿಎಂ, ಇದಕ್ಕೊಂದು ದಾರಿ. 2020ರ ಆಗಸ್ಟ್ 15ರಂದು ಘೋಷಣೆಯಾಗಿ ಮೊದಲು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆಯಿತು. 2021ರ ಸೆಪ್ಟೆಂಬರ್ 27ರಂದು ದೇಶವಿಡೀ ಶುರುವಾಯಿತು. ನಡೆಸುವುದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ. ನಿಜವಾದ ವ್ಯವಸ್ಥೆಗೆ ಸೇರುವ ಮೊದಲು ಪ್ರತಿಯೊಂದು ಸಾಫ್ಟ್‌ವೇರ್ ಸ್ಯಾಂಡ್‌ಬಾಕ್ಸ್ ಎಂಬ ಪರೀಕ್ಷಾ ಅಂಗಳದಲ್ಲಿ ಕೆಲಸ ಮಾಡಿ ತೋರಿಸಬೇಕು. ಆ ಅಂಗಳಕ್ಕೆ ಹೇಗೆ ಹೋಗುವುದು, ಅಲ್ಲಿ ಏನು ಮಾಡುವುದು ಎಂಬುದೇ ಈ ಲೇಖನ. ಆಸ್ಪತ್ರೆಗೆ ಅಥವಾ ಲ್ಯಾಬಿಗೆ ಸಾಫ್ಟ್‌ವೇರ್ ಬರೆದುಕೊಡುವ ನಮ್ಮೂರ ಹುಡುಗ ಹುಡುಗಿಯರನ್ನೂ, ಅವರಿಗೆ ಕೆಲಸ ಕೊಡುವ ಆಸ್ಪತ್ರೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಪಿಐ (ಎರಡು ಸಾಫ್ಟ್‌ವೇರುಗಳು ಮಾತಾಡಿಕೊಳ್ಳುವ ದಾರಿ) ಜೋಡಿಸುವುದು ಈ ಕೆಲಸದ ಸಣ್ಣ ಭಾಗ. ದೊಡ್ಡ ಭಾಗ ಇರುವುದು ನಿಮ್ಮ ಕೌಂಟರಿನಲ್ಲಿ, ರೋಗಿಯ ಹೆಸರು ಮತ್ತು ಮೊಬೈಲ್ ನಂಬರ್ ಬರೆದುಕೊಳ್ಳುವ ಜಾಗದಲ್ಲಿ.

ನೀವೇ ಜೋಡಿಸಬೇಕಾ?

ಒಬ್ಬರೇ ಡಾಕ್ಟರು ನಡೆಸುವ ಕ್ಲಿನಿಕ್ ಆದರೆ ಬೇಡ. ಈಗಾಗಲೇ ಎಬಿಡಿಎಂ ಜೊತೆ ಜೋಡಣೆಯಾದ ಸಾಫ್ಟ್‌ವೇರುಗಳು ಬೇಕಾದಷ್ಟಿವೆ. ಅವುಗಳ ಪಟ್ಟಿ ಎಬಿಡಿಎಂ ಜಾಲತಾಣದಲ್ಲೇ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಐಸಿಯ (ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಇ-ಹಾಸ್ಪಿಟಲ್ ಇದೆ. ಓಪನ್ ಸೋರ್ಸ್ ಬೇಕು ಅನ್ನುವವರಿಗೆ ಬಹ್ಮ್ನಿ ಇದೆ.

ನಿಮ್ಮದೇ ಸಾಫ್ಟ್‌ವೇರ್ ಹಲವು ವರ್ಷಗಳಿಂದ ಓಡುತ್ತಿದ್ದರೆ, ಬಿಲ್ಲಿಂಗು, ಫಾರ್ಮಸಿ, ಲ್ಯಾಬು ಎಲ್ಲ ಅದರಲ್ಲೇ ಇದ್ದರೆ, ಆಗ ಜೋಡಿಸುವುದು ಸರಿ. ಒಬ್ಬ ಡೆವಲಪರ್ ಬೇರೆ ಕೆಲಸ ಬಿಟ್ಟು ಕೆಲವು ತಿಂಗಳು ಇದಕ್ಕೇ ಕೂರಬೇಕಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಮಧ್ಯೆ ಮಧ್ಯೆ ನೋಡಿಕೊಳ್ಳೋಣ ಅಂದರೆ ಮುಗಿಯುವುದಿಲ್ಲ.

ಯಾರು ಯಾರಿಗೆ ಏನು ಕೊಡುತ್ತಾರೆ

ದಾಖಲೆಗಳೆಲ್ಲ ದೆಹಲಿಯ ಒಂದು ದೊಡ್ಡ ಕಂಪ್ಯೂಟರಿಗೆ ಹೋಗಿ ಕೂರುತ್ತವೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಒಪ್ಪಿದಾಗ ಮಾತ್ರ ಅಲ್ಲಿಂದ ಕೇಳಿದವರಿಗೆ ನೇರವಾಗಿ, ಬೀಗ ಹಾಕಿಕೊಂಡು ಹೋಗುತ್ತದೆ. ಮಧ್ಯದಲ್ಲಿರುವ ಗೇಟ್‌ವೇ ಕೇಳಿಕೆಯನ್ನೂ ಒಪ್ಪಿಗೆಯನ್ನೂ ಮುಟ್ಟಿಸುತ್ತದೆ, ದಾಖಲೆಯನ್ನು ನೋಡುವುದಿಲ್ಲ.

ದಾಖಲೆ ಕೊಡುವವರನ್ನು ಎಚ್‌ಐಪಿ ಎನ್ನುತ್ತಾರೆ, ಕೇಳಿ ಪಡೆಯುವವರನ್ನು ಎಚ್‌ಐಯು. ಶಿರಸಿಯ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ ಕೊಟ್ಟರೆ ಎಚ್‌ಐಪಿ. ಹುಬ್ಬಳ್ಳಿಯವರು ಅದನ್ನು ಕೇಳಿದರೆ ಅವರು ಎಚ್‌ಐಯು. ಒಂದೇ ಆಸ್ಪತ್ರೆ ಎರಡೂ ಆಗಬಹುದು. ರೋಗಿಗೆ ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಇರುತ್ತದೆ, ಜೊತೆಗೆ ಇಮೇಲ್ ವಿಳಾಸದಂತೆ ಕಾಣುವ ಒಂದು ಆಭಾ ವಿಳಾಸ. ಆಸ್ಪತ್ರೆಗಳಿಗೆ ಒಂದು ನೋಂದಣಿ ಪಟ್ಟಿ (ಎಚ್‌ಎಫ್‌ಆರ್), ಡಾಕ್ಟರರಿಗೆ ಮತ್ತೊಂದು. ನಮ್ಮ ಕಡೆ ಜಾಸ್ತಿ ಇರುವ ಆಯುರ್ವೇದ ವೈದ್ಯರಿಗೂ ಆ ಪಟ್ಟಿಯಲ್ಲಿ ಜಾಗ ಇದೆ.

ಕೆಲಸ ಮೂರು ಮೈಲಿಗಲ್ಲುಗಳಲ್ಲಿ ನಡೆಯುತ್ತದೆ. ಎಂ1 ಎಂದರೆ ಆಭಾ ಮಾಡಿಸುವುದು ಮತ್ತು ಪರಿಶೀಲಿಸುವುದು. ಎಂ2 ಎಂದರೆ ದಾಖಲೆಗಳನ್ನು ಆಭಾ ಜೊತೆ ಜೋಡಿಸಿ, ಕೇಳಿದಾಗ ಕೊಡುವುದು. ಎಂ3 ಎಂದರೆ ಬೇರೆಯವರ ದಾಖಲೆಯನ್ನು ಒಪ್ಪಿಗೆ ಪಡೆದು ತರಿಸಿಕೊಳ್ಳುವುದು.

ನೋಂದಣಿ, ಗುರುತು, ಟೋಕನ್

ಸ್ಯಾಂಡ್‌ಬಾಕ್ಸ್ ಜಾಲತಾಣದಲ್ಲಿ ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕಬೇಕು. ಇಲ್ಲಿ ಡೆವಲಪರನ ಸ್ವಂತ ಜಿಮೇಲ್ ಕೊಡಬೇಡಿ. ಆತ ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಖಾತೆಯೂ ಅವನ ಜೊತೆ ಹೋಗುತ್ತದೆ. ಆಸ್ಪತ್ರೆಯ ಹೆಸರಿನ ಇಮೇಲ್, ಆಸ್ಪತ್ರೆಯ ಬಳಿಯೇ ಉಳಿಯುವ ಮೊಬೈಲ್ ನಂಬರ್ ಇರಲಿ.

ಅರ್ಜಿ ಒಪ್ಪಿಗೆಯಾದ ಮೇಲೆ ಒಂದು ಕ್ಲೈಂಟ್ ಐಡಿ, ಒಂದು ಕ್ಲೈಂಟ್ ಸೀಕ್ರೆಟ್ ಸಿಗುತ್ತದೆ. ಸೀಕ್ರೆಟನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಕೋಡಿನ ಒಳಗೆ ಬರೆಯಬೇಡಿ. ಸರ್ವರಿನ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಇಡಿ. ಇವೆರಡನ್ನೂ ಕೊಟ್ಟು ಸೆಷನ್ ಎಪಿಐ ಕರೆದರೆ ಒಂದು ಟೋಕನ್ ಬರುತ್ತದೆ. ಅದರ ಆಯಸ್ಸು ನಿಮಿಷಗಳ ಲೆಕ್ಕದ್ದು. ಎಷ್ಟು ಹೊತ್ತು ಎಂಬುದು ಉತ್ತರದಲ್ಲೇ ಇರುತ್ತದೆ. ಅದನ್ನು ಓದಿ, ಮುಗಿಯುವ ಸ್ವಲ್ಪ ಮೊದಲೇ ಹೊಸದು ತರುವ ಹಾಗೆ ಬರೆಯಿರಿ. ಪ್ರತಿ ಕರೆಗೂ ಸುಮ್ನೆ ಹೊಸ ಟೋಕನ್ ತರಿಸುವುದು ಸರಿಯಲ್ಲ.

ಪ್ರತಿ ಕರೆಯ ಜೊತೆ ಕೆಲವು ಹೆಡರುಗಳು ಹೋಗಬೇಕು. ರಿಕ್ವೆಸ್ಟ್ ಐಡಿ ಪ್ರತಿ ಬಾರಿಯೂ ಹೊಸ ಯುಯುಐಡಿ (ಮತ್ತೆ ಬರದ ಗುರುತಿನ ಸಂಕೇತ) ಆಗಿರಬೇಕು. ಎಕ್ಸ್-ಸಿಎಂ-ಐಡಿ ಎಂಬ ಜಾಗದಲ್ಲಿ ಸ್ಯಾಂಡ್‌ಬಾಕ್ಸಿಗೆ ‘ಎಸ್‌ಬಿಎಕ್ಸ್’ ಎಂದಿರಬೇಕು. ಟೈಮ್‌ಸ್ಟ್ಯಾಂಪ್ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ ಇರಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸರ್ವರಿನ ಗಡಿಯಾರ ಭಾರತೀಯ ಸಮಯದಲ್ಲಿದ್ದು, ಅದನ್ನೇ ಯುಟಿಸಿ ಎಂದು ಕಳಿಸಿದರೆ ಐದೂವರೆ ಗಂಟೆ ಮುಂದಿನ ಕರೆಯಾಗುತ್ತದೆ. ಗೇಟ್‌ವೇ ಅದನ್ನು ಒಪ್ಪುವುದಿಲ್ಲ. ಹಾಗೆಯೇ ಆಸ್ಪತ್ರೆಯ ಹಳೆಯ ಸರ್ವರಿನಲ್ಲಿ ಮದರ್‌ಬೋರ್ಡ್ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿರುತ್ತದೆ. ನೆಟ್‌ನಿಂದ ಗಡಿಯಾರ ಸರಿಪಡಿಸುವ ಎನ್‌ಟಿಪಿ ಹಾಕಿ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿ. ದೇಶದ ಸೈಬರ್ ಭದ್ರತೆ ನೋಡುವ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಅದು ಹೇಗೂ ಮಾಡಲೇಬೇಕಾದ ಕೆಲಸ.

ಹುಡುಕಿದರೆ ಹಳೆಯ 0.5 ಆವೃತ್ತಿಯ ಉದಾಹರಣೆಗಳು ಬಹಳ ಸಿಗುತ್ತವೆ. ನಕಲು ಮಾಡಬೇಡಿ. ಈಗ ಕೆಲಸ ನಡೆಯುವುದು ವಿ3 ಎಪಿಐಗಳಲ್ಲಿ. ವಿಳಾಸಗಳೂ ಹೆಡರುಗಳೂ ಬದಲಾಗಿವೆ. ಸ್ಯಾಂಡ್‌ಬಾಕ್ಸಿನ ದಾಖಲೆ ಪುಟವನ್ನೇ ಓದಿ.

ಕಾಲ್‌ಬ್ಯಾಕ್ ವಿಳಾಸ ಮತ್ತು ನಮ್ಮ ಮಳೆಗಾಲ

ಗೇಟ್‌ವೇ ಎಪಿಐಗಳು ಕೇಳಿದ ಕೂಡಲೇ ಉತ್ತರ ಕೊಡುವುದಿಲ್ಲ. ನೀವು ಕೇಳಿದಾಗ 202 ಎಂಬ ಸಂಕೇತ ಬರುತ್ತದೆ. ‘ಕೇಳಿಸಿಕೊಂಡೆ’ ಎಂದಷ್ಟೇ ಅದರ ಅರ್ಥ. ನಿಜವಾದ ಉತ್ತರವನ್ನು ಗೇಟ್‌ವೇ ಆಮೇಲೆ ತಾನೇ ನಿಮ್ಮ ಸರ್ವರಿಗೆ ತಂದು ಕೊಡುತ್ತದೆ. ಹಾಗಾಗಿ ನಿಮ್ಮ ಕಡೆ ಒಂದು ಬಾಗಿಲು ಯಾವಾಗಲೂ ತೆರೆದಿರಬೇಕು. ಅದೇ ಕಾಲ್‌ಬ್ಯಾಕ್ ಅಥವಾ ಬ್ರಿಡ್ಜ್ ಯುಆರ್‌ಎಲ್. ಅದು ಎಚ್‌ಟಿಟಿಪಿಎಸ್ ಆಗಿರಬೇಕು, ಹೊರಗಿನಿಂದ ಮುಟ್ಟುವಂತಿರಬೇಕು.

ನಮ್ಮ ಕಡೆಯ ತೊಂದರೆ ಇಲ್ಲಿ ಶುರುವಾಗುತ್ತದೆ. ಆಸ್ಪತ್ರೆಯ ಸರ್ವರ್ ಮಹಡಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿರುತ್ತದೆ. ಫೈಬರ್ ಸಂಪರ್ಕಕ್ಕೆ ಸ್ಥಿರ ಐಪಿ ಇರುವುದಿಲ್ಲ. ಜೂನ್ ಬಂತೆಂದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಕೇಬಲ್ ತುಂಡಾಗುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಮುಂದಿನ ತಿಂಗಳು, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಗುಡ್ಡ ಘಟ್ಟ ಹೊಳೆಗಳ ಈ ಜಿಲ್ಲೆಯಲ್ಲಿ ಸಂಪರ್ಕ ಕಡಿಯುವುದನ್ನು ಅಪರೂಪ ಎಂದು ಬಿಡುವ ಹಾಗಿಲ್ಲ. ಹೆದ್ದಾರಿ ಮುಚ್ಚಿದ ದಿನವೇ ದಾಖಲೆಯ ಅವಸರವೂ ಜಾಸ್ತಿ.

ಆದ್ದರಿಂದ ನನ್ನ ಸಲಹೆ ಇದು. ಬಾಗಿಲನ್ನು ಆಸ್ಪತ್ರೆಯೊಳಗೆ ಇಡಬೇಡಿ. ಭಾರತದಲ್ಲೇ ಇರುವ ಡೇಟಾ ಸೆಂಟರಿನಲ್ಲಿ ಒಂದು ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ತೆಗೆದುಕೊಳ್ಳಿ. ಕಾಲ್‌ಬ್ಯಾಕ್ ಅಲ್ಲಿಗೆ ಬರಲಿ. ಅದು ಬಂದ ಕೇಳಿಕೆಗೆ ತಕ್ಷಣ 202 ಹೇಳಿ, ಕೇಳಿಕೆಯನ್ನು ಸರದಿಯಲ್ಲಿ ಬರೆದಿಟ್ಟುಕೊಳ್ಳಲಿ. ಆಸ್ಪತ್ರೆಯ ಸರ್ವರ್ ತಾನಾಗಿ ಹೊರಗೆ ಹೋಗಿ ಆ ಸರದಿಯನ್ನು ನೋಡಿ ಬರಲಿ. ಹೀಗೆ ಮಾಡಿದರೆ ಆಸ್ಪತ್ರೆಯ ಫೈರ್‌ವಾಲಿನಲ್ಲಿ ಒಂದು ತೂತನ್ನೂ ಮಾಡಬೇಕಾಗಿಲ್ಲ. ಒಂದು ತಾಸು ಕರೆಂಟು ಹೋದರೂ ಬಂದ ಕೇಳಿಕೆ ಕಳೆದುಹೋಗುವುದಿಲ್ಲ. ಎಷ್ಟು ಹೊತ್ತಿನ ಹಳೆಯ ಕೇಳಿಕೆಗೆ ಉತ್ತರ ಕೊಟ್ಟರೆ ಇನ್ನೂ ಉಪಯೋಗ, ಯಾವುದನ್ನು ಬಿಟ್ಟುಬಿಡಬೇಕು ಎಂಬುದನ್ನೂ ಕೋಡಿನಲ್ಲಿ ಬರೆಯಿರಿ.

ರೋಗಿ ದೂರ ಹೋದಾಗ ಬೇಕಾಗುವ ದಾಖಲೆಗಳ ಒಂದು ಪ್ರತಿಯನ್ನು, ಬೀಗ ಹಾಕಿ, ಆ ಕ್ಲೌಡ್ ಸರ್ವರಿನಲ್ಲೇ ಇಡಬೇಕೋ ಬೇಡವೋ ಎಂಬ ಪ್ರಶ್ನೆಯೂ ಬರುತ್ತದೆ. ಡಿಸ್ಚಾರ್ಜ್ ಸಮ್ಮರಿ ಮತ್ತು ಲ್ಯಾಬ್ ರಿಪೋರ್ಟ್ ಇಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಆದರೆ ಅದನ್ನು ಡೆವಲಪರ್ ಒಬ್ಬನೇ ತೀರ್ಮಾನ ಮಾಡಬಾರದು. ಆಸ್ಪತ್ರೆಯ ಆಡಳಿತದವರು ಕೂತು, ಬರಹದಲ್ಲಿ ತೀರ್ಮಾನಿಸಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಡಿ, ಭದ್ರತೆಯ ಕ್ರಮ ತೆಗೆದುಕೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆ ಹೊಣೆ ಆಸ್ಪತ್ರೆಯದು.

ಕೋಡ್ ಬರೆಯುವ ಹಂತದಲ್ಲಿ ಇಷ್ಟೆಲ್ಲ ಬೇಡ. ನಿಮ್ಮ ಲ್ಯಾಪ್‌ಟಾಪಿಗೇ ಎನ್‌ಗ್ರಾಕ್‌ನಂಥ ಟನಲ್ ಹಾಕಿಕೊಂಡು ಕಾಲ್‌ಬ್ಯಾಕ್ ನೋಡಬಹುದು. ಕೆಲಸ ಮುಗಿದ ಮೇಲೆ ಟನಲ್ ಮುಚ್ಚಿ.

ಎಂ1: ಆಭಾ

ಇದು ಮೂರರಲ್ಲಿ ಸುಲಭ. ಆಧಾರ್ ಒಟಿಪಿಯಿಂದ ಆಭಾ ಮಾಡಿಸುವುದು, ಇರುವ ಆಭಾವನ್ನು ಪರಿಶೀಲಿಸುವುದು, ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ರೋಗಿಯ ವಿವರ ತಾನಾಗಿ ಬರುವುದು. ಆಧಾರ್ ಸಂಖ್ಯೆಯನ್ನೂ ಒಟಿಪಿಯನ್ನೂ ಹಾಗೇ ಕಳಿಸುವಂತಿಲ್ಲ. ಪ್ರಾಧಿಕಾರದ ಪಬ್ಲಿಕ್ ಕೀ ತಂದು ಆರ್‌ಎಸ್‌ಎ ಮೂಲಕ ಮುಚ್ಚಿ ಕಳಿಸಬೇಕು. ಪ್ಯಾಡಿಂಗ್ ಯಾವುದು ಎಂದು ದಾಖಲೆಯಲ್ಲಿ ಸರಿಯಾಗಿ ನೋಡಿ, ಹಳೆಯ ಆವೃತ್ತಿಯದಕ್ಕೂ ಈಗಿನದಕ್ಕೂ ವ್ಯತ್ಯಾಸ ಇದೆ. ಆಧಾರ್ ಸಂಖ್ಯೆ ನಿಮ್ಮ ಡೇಟಾಬೇಸಿನಲ್ಲಾಗಲಿ ಲಾಗಿನಲ್ಲಾಗಲಿ ಉಳಿಯಲೇಬಾರದು.

ಪರೀಕ್ಷೆಗೆ ತಂಡದವರದೇ ಆಧಾರ್ ಬಳಸಿ, ಅದೂ ಅವರ ಒಪ್ಪಿಗೆ ಪಡೆದು. ಕೌಂಟರಿಗೆ ಬಂದ ರೋಗಿಯ ಆಧಾರನ್ನು ‘ಒಂದ್ಸಲ ನೋಡೋಣ’ ಎಂದು ಸ್ಯಾಂಡ್‌ಬಾಕ್ಸಿಗೆ ಹಾಕಬಾರದು. ರೋಗಿಯ ನಿಜವಾದ ರಿಪೋರ್ಟೂ ಅಷ್ಟೇ. ಹೆಸರು ಅಳಿಸಿದ್ದೇನೆ ಎಂಬ ಸಮಾಧಾನ ಸಾಲದು. ಊರು, ವಯಸ್ಸು, ಕಾಯಿಲೆ ಮೂರು ಗೊತ್ತಾದರೆ ನಮ್ಮಂಥ ಸಣ್ಣ ಊರುಗಳಲ್ಲಿ ಯಾರೆಂದು ಹೇಳುವುದು ಕಷ್ಟವೇನಲ್ಲ, ಅಲ್ವಾ?

ಆಭಾ ಕಡ್ಡಾಯವಲ್ಲ. ಬೇಡ ಅಂದವರಿಗೆ ಚಿಕಿತ್ಸೆ ನಿಲ್ಲಬಾರದು. ಸಾಫ್ಟ್‌ವೇರಿನಲ್ಲಿ ಆಭಾ ಇಲ್ಲದೆಯೂ ಒಪಿಡಿ ಚೀಟಿ ಆಗುವ ದಾರಿ ಇರಲೇಬೇಕು.

ಹೆಸರು ಹೊಂದಿಸುವುದು

ಎಂ2ರಲ್ಲಿ ಒಂದು ಘಟ್ಟ ಇದೆ. ರೋಗಿ ತನ್ನ ಮೊಬೈಲಿನ ಆ್ಯಪಿನಲ್ಲಿ ನಿಮ್ಮ ಆಸ್ಪತ್ರೆಯನ್ನು ಹುಡುಕಿ, ‘ನನ್ನ ದಾಖಲೆ ನಿಮ್ಮಲ್ಲಿದೆಯಾ’ ಎಂದು ಕೇಳುತ್ತಾನೆ. ಗೇಟ್‌ವೇ ನಿಮಗೆ ಅವನ ಹೆಸರು, ಲಿಂಗ, ಹುಟ್ಟಿದ ವರ್ಷ, ಮೊಬೈಲ್ ನಂಬರ್ ಕಳಿಸುತ್ತದೆ. ನೀವು ನಿಮ್ಮ ಪಟ್ಟಿಯಲ್ಲಿ ಹುಡುಕಿ ಸರಿಯಾಗಿ ಒಬ್ಬನನ್ನೇ ತೋರಿಸಬೇಕು. ಇಬ್ಬರು ಸಿಕ್ಕರೆ ತೋರಿಸುವಂತಿಲ್ಲ.

ಈಗ ನಿಮ್ಮ ಪಟ್ಟಿ ತೆಗೆದು ನೋಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಸ್ಪತ್ರೆಯಾದರೆ ಗಣಪತಿ ಹೆಗಡೆ, ಗಣಪತಿ ಭಟ್ಟ ಎಷ್ಟು ಜನ? ಇಂಗ್ಲಿಷಿನಲ್ಲಿ ಬರೆಯುವಾಗ ಹೆಗಡೆಯನ್ನು ಒಬ್ಬರು ‘ಹೆಗ್ಡೆ’ ಆಗುವಂತೆ ಬರೆದಿರುತ್ತಾರೆ, ಇನ್ನೊಬ್ಬರು ನಡುವೆ ‘ಎ’ ಸೇರಿಸಿರುತ್ತಾರೆ. ಭಟ್ಟರಿಗೆ ಒಂದು ‘ಟಿ’ಯೋ ಎರಡೋ. ಕರಾವಳಿಗೆ ಇಳಿದರೆ ಮಂಜುನಾಥ ನಾಯ್ಕರು. ಇಲ್ಲಿ ಜೋಪಾನ. ಅಂಕೋಲಾ ಕಡೆಯ ನಾಯಕ ಬೇರೆ, ಹೊನ್ನಾವರ ಭಟ್ಕಳ ಕಡೆಯ ನಾಯ್ಕ ಬೇರೆ. ಇಂಗ್ಲಿಷ್ ಕಾಗುಣಿತದಲ್ಲಿ ಎರಡೂ ಒಂದರೊಳಗೊಂದು ಬೆರೆತಿರುತ್ತವೆ. ಹೆಸರುಗಳನ್ನು ಸದ್ದಿನ ಮೇಲೆ ಹೊಂದಿಸುವ ಸಿದ್ಧ ಲೈಬ್ರರಿಗಳು ಇಂಗ್ಲಿಷ್ ಹೆಸರುಗಳಿಗೆ ಮಾಡಿದವು. ಅವು ಇದನ್ನು ಬಿಡಿಸಲಾರವು. ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳಿ, ಯಾವ ಕಾಗುಣಿತಗಳನ್ನು ಒಂದೇ ಎಂದು ನೋಡಬಹುದು ಎಂದು. ಕೌಂಟರಿನಲ್ಲಿ ಹಳಬರಾದವರನ್ನು ಕೂರಿಸಿಕೊಂಡು ಮಾಡಿ. ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ.

ಆಧಾರಿನಲ್ಲಿ ಪೂರ್ತಿ ಹೆಸರು ಇರುತ್ತದೆ, ಅಪ್ಪನ ಹೆಸರು ನಡುವೆ ಸೇರಿ. ನಿಮ್ಮಲ್ಲಿ ‘ಜಿ. ಆರ್. ಹೆಗಡೆ’ ಎಂದಿರುತ್ತದೆ. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳದು ಇನ್ನೊಂದು ಕತೆ. ವಯಸ್ಸಂತೂ ಕೇಳಲೇಬೇಡಿ. ‘ಅರವತ್ತೈದು ಇರಬಹುದು’ ಎಂದು ಹೇಳಿದ್ದನ್ನು ಪ್ರತಿ ಭೇಟಿಗೂ ಹಾಗೇ ಬರೆದಿರುತ್ತಾರೆ. ಅದರಿಂದ ಹುಟ್ಟಿದ ವರ್ಷ ತೆಗೆದರೆ ಪ್ರತಿ ವರ್ಷ ಒಂದೊಂದು ವರ್ಷ ಮುಂದೆ ಸರಿಯುತ್ತದೆ. ಹುಟ್ಟಿದ ವರ್ಷದಲ್ಲಿ ಎರಡು ವರ್ಷ ಹೆಚ್ಚುಕಡಿಮೆಗೆ ಜಾಗ ಬಿಡಿ. ಅಂದಾಜಿನ ವಯಸ್ಸು ಎಂದು ಗುರುತು ಹಾಕಲು ಪರದೆಯಲ್ಲಿ ಒಂದು ಚೌಕ ಇಡಿ.

ಎಲ್ಲಕ್ಕಿಂತ ದೊಡ್ಡ ಗೋಜಲು ಮೊಬೈಲ್ ನಂಬರಿನದು. ಅಜ್ಜಿಯ ಫೈಲಿನಲ್ಲಿ ಮಗನ ನಂಬರ್, ಸೊಸೆಯ ಫೈಲಿನಲ್ಲೂ ಅದೇ, ಮೊಮ್ಮಗನದ್ದೂ ಅದೇ. ಕೆಲವು ಕಡೆ ಕರೆದುಕೊಂಡು ಬಂದ ಆಟೋದವರ ನಂಬರ್ ಕೂಡ ಇರುತ್ತದೆ. ದಾಖಲೆ ಜೋಡಿಸಲು ಬೇಕಾದ ಒಟಿಪಿ ಕಳಿಸುವವರು ನೀವೇ, ನಿಮ್ಮಲ್ಲಿರುವ ನಂಬರಿಗೆ. ಅಲ್ಲಿ ಬೇರೆಯವರ ನಂಬರ್ ಇದ್ದರೆ ರೋಗಿಯ ದಾಖಲೆಯ ಬಾಗಿಲು ಬೇರೆಯವರ ಕೈಯಲ್ಲಿದ್ದ ಹಾಗಾಯಿತು.

ಹಾಗಾಗಿ ಸ್ಯಾಂಡ್‌ಬಾಕ್ಸಿಗೆ ಅರ್ಜಿ ಹಾಕಿದ ದಿನದಿಂದಲೇ ಕೌಂಟರಿನಲ್ಲಿ ಕೇಳುವ ರೀತಿ ಬದಲಾಗಲಿ. ‘ನಂಬರ್ ಹೇಳಿ’ ಎಂದಷ್ಟೇ ಕೇಳುವುದು ಬಿಡಿ. ‘ಅಮ್ಮಾ, ಇದು ನಿಮ್ಮದೇ ನಂಬರೋ, ಮಗಂದೋ?’ ಎಂದು ಕೇಳಿ. ‘ಮಗಂದು’ ಅಂದರೆ ಯಾರದ್ದು ಎಂದು ಪಕ್ಕದಲ್ಲಿ ದಾಖಲಿಸಿ. ಇದಕ್ಕೆ ಒಂದು ಸಾಲಿನ ಕೋಡೂ ಬೇಡ, ಆದರೆ ಇಡೀ ಜೋಡಣೆಗೆ ಇದಕ್ಕಿಂತ ಹೆಚ್ಚು ಉಪಕಾರ ಮಾಡುವುದು ಇನ್ನೊಂದಿಲ್ಲ.

ನಿಯಮ ಇಷ್ಟು: ಮೊಬೈಲ್ ಮತ್ತು ಲಿಂಗ ಸರಿಯಾಗಿ ಹೊಂದಬೇಕು, ಹುಟ್ಟಿದ ವರ್ಷ ಹತ್ತಿರ ಇರಬೇಕು, ಹೆಸರು ನಿಮ್ಮ ಪಟ್ಟಿಯ ಪ್ರಕಾರ ಹೊಂದಬೇಕು. ಆಮೇಲೂ ಇಬ್ಬರು ಉಳಿದರೆ ಯಾರನ್ನೂ ತೋರಿಸಬೇಡಿ, ಕೌಂಟರಿಗೆ ಬರಲು ಹೇಳಿ. ಜೋಡಣೆ ಆಗದಿದ್ದರೆ ರೋಗಿಗೆ ಬೇಸರ ಆಗುತ್ತದೆ. ತಪ್ಪು ಜೋಡಣೆಯಾದರೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಒಟಿಪಿ ಎಸ್‌ಎಂಎಸ್ ಕಳಿಸಲು ಡಿಎಲ್‌ಟಿಯಲ್ಲಿ (ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆ) ಆಸ್ಪತ್ರೆಯ ಹೆಸರೂ ಸಂದೇಶದ ಮಾದರಿಯೂ ನೋಂದಣಿಯಾಗಿರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಹಾಕಿಬಿಡಿ.

ದಾಖಲೆಯನ್ನು ಸಿದ್ಧ ಮಾಡುವುದು

ರೋಗಿಯ ಪ್ರತಿ ಭೇಟಿ ಅಥವಾ ಪ್ರತಿ ದಾಖಲಾತಿ ಒಂದೊಂದು ಕೇರ್ ಕಾಂಟೆಕ್ಸ್ಟ್ ಆಗುತ್ತದೆ. ಅದಕ್ಕೆ ಕೊಡುವ ಹೆಸರು ರೋಗಿಯ ಮೊಬೈಲಿನಲ್ಲಿ ಕಾಣುತ್ತದೆ, ಆ ಮೊಬೈಲನ್ನು ಮನೆಯವರೆಲ್ಲ ನೋಡುತ್ತಾರೆ. ‘ಮನೋರೋಗ ವಿಭಾಗ’ ಎಂದೋ ‘ಎಚ್‌ಐವಿ ಪರೀಕ್ಷೆ’ ಎಂದೋ ಅಲ್ಲಿ ಬರೆಯಬಾರದು. ‘ಒಪಿಡಿ ಭೇಟಿ’ ಮತ್ತು ತಾರೀಕು ಸಾಕು.

ಒಳಗಿನ ದಾಖಲೆ ಫೈರ್ (ಎಫ್‌ಎಚ್‌ಐಆರ್) ಆರ್4 ಎಂಬ, ಆರೋಗ್ಯ ದಾಖಲೆ ಕೊಟ್ಟು ತೆಗೆದುಕೊಳ್ಳುವ ಮಾದರಿಯಲ್ಲಿರಬೇಕು. ಭಾರತಕ್ಕೆ ಬೇಕಾದ ರೂಪಗಳನ್ನು ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಕೇಂದ್ರ ಪ್ರಕಟಿಸಿದೆ. ಔಷಧ ಚೀಟಿ, ಲ್ಯಾಬ್ ವರದಿ, ಒಪಿಡಿ ಟಿಪ್ಪಣಿ, ಡಿಸ್ಚಾರ್ಜ್ ಸಮ್ಮರಿ, ಲಸಿಕೆ ದಾಖಲೆ, ಹೀಗೆ. ಪ್ರತಿಯೊಂದೂ ಒಂದು ಬಂಡಲ್, ಅದರ ಮೊದಲ ಅಂಶ ಕಾಂಪೊಸಿಷನ್. ಅದೇ ಕೇಂದ್ರದ ಪುಟದಲ್ಲಿ ಉದಾಹರಣೆಗಳಿವೆ. ಒಂದನ್ನು ತೆಗೆದುಕೊಂಡು ನಿಮ್ಮ ವಿವರ ತುಂಬಿ, ವ್ಯಾಲಿಡೇಟರಿನಲ್ಲಿ ಹಾಯಿಸಿ ನೋಡುವುದೇ ಕಲಿಯುವ ದಾರಿ.

ಎಲ್ಲವನ್ನೂ ಮೊದಲ ದಿನವೇ ಬಿಡಿಬಿಡಿಯಾಗಿ ಕೋಡ್ ಮಾಡಲು ಹೋಗಬೇಡಿ. ಮೊದಲು ಪಿಡಿಎಫ್ ಒಳಗಿಟ್ಟು ಕಳಿಸಿ. ಆಮೇಲೆ ಲ್ಯಾಬ್ ವರದಿಯ ಅಂಕಿಗಳನ್ನು ಬಿಡಿಸಿ ಹಾಕಿ, ಏಕೆಂದರೆ ಮುಂದಿನ ಡಾಕ್ಟರಿಗೆ ಅತಿ ಉಪಯೋಗ ಅದರದ್ದೇ. ಕಾಯಿಲೆಯ ಹೆಸರಿಗೆ ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಪಟ್ಟಿಯ ಸಂಕೇತ ಹಾಕಿ, ಭಾರತದಲ್ಲಿ ಅದನ್ನು ಬಳಸಲು ಹಣ ಕೊಡಬೇಕಾಗಿಲ್ಲ. ಸಿದ್ದಾಪುರ, ಶಿರಸಿ ಕಡೆಯ ಆಸ್ಪತ್ರೆಗಳು ಮಂಗನ ಕಾಯಿಲೆಗೆ ಸಂಕೇತ ಹಾಕಿಯೇ ಕಳಿಸಬೇಕು ಎಂದು ನನ್ನ ಆಸೆ. ‘ಜ್ವರ’ ಎಂದಷ್ಟೇ ಬರೆದ ಸಮ್ಮರಿ ಹಿಡಿದು ಬೇರೆ ಊರಿಗೆ ಹೋದರೆ ಅಲ್ಲಿನವರಿಗೆ ಆ ಕಾಯಿಲೆ ಹೊಳೆಯದೇ ಇರಬಹುದು.

ಎರಡು ಸಣ್ಣ ಎಚ್ಚರಿಕೆ. ಪಿಡಿಎಫ್ ಬೇಸ್64 ಎಂಬ ಅಕ್ಷರ ರೂಪಕ್ಕೆ ಬದಲಾದಾಗ ಮೂರನೇ ಒಂದರಷ್ಟು ದೊಡ್ಡದಾಗುತ್ತದೆ. ಮೊಬೈಲಿನಲ್ಲಿ ಬಣ್ಣದಲ್ಲಿ ತೆಗೆದ ಚಿತ್ರಗಳಿದ್ದರೆ ಗಾತ್ರ ಎಲ್ಲೋ ಹೋಗುತ್ತದೆ, ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ. ಎರಡನೆಯದು, ಹಳೆಯ ಡೇಟಾಬೇಸಿನಲ್ಲಿ ಕನ್ನಡವನ್ನು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬರೆದಿದ್ದರೆ ಹೊರಗಿನವರಿಗೆ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಎಂದು ಕಣ್ಣಿನಿಂದ ನೋಡಿ.

ಬೀಗ

ಕೇಳುವವರು ತಮ್ಮ ಪಬ್ಲಿಕ್ ಕೀ ಮತ್ತು 32 ಬೈಟಿನ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಕಳಿಸುತ್ತಾರೆ. ನೀವು ನಿಮ್ಮದೊಂದು ಜೋಡಿ ಮಾಡಿ, ಇಬ್ಬರದ್ದರಿಂದ ಇಸಿಡಿಎಚ್ ಮೂಲಕ ಹಂಚಿಕೆಯ ಗುಟ್ಟು ತೆಗೆಯುತ್ತೀರಿ. ಎರಡು ನಾನ್ಸುಗಳನ್ನು ಎಕ್ಸ್-ಆರ್ ಮಾಡಿ ಮೊದಲ 20 ಬೈಟನ್ನು ಸಾಲ್ಟ್ ಆಗಿ, ಕೊನೆಯ 12 ಬೈಟನ್ನು ಐವಿ ಆಗಿ ಬಳಸಬೇಕು. ಎಚ್‌ಕೆಡಿಎಫ್‌ನಿಂದ ಬಂದ ಕೀಲಿಯಲ್ಲಿ ಎಇಎಸ್-256 ಜಿಸಿಎಂ ಬೀಗ. ಪ್ರತಿ ಕೊಡುಕೊಳ್ಳುವಿಕೆಗೂ ಹೊಸ ಜೋಡಿ. ಹಳೆಯದನ್ನು ಮತ್ತೆ ಬಳಸಿದರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥವೇ ಇಲ್ಲ.

ಇಲ್ಲಿ ಬಹಳ ಜನ ಸಿಕ್ಕಿಬೀಳುವ ಒಂದು ಗಂಟು: ಕರ್ವ್25519 ಎಂದು ಓದಿ ಎಕ್ಸ್25519 ಲೈಬ್ರರಿ ಹಾಕಿಬಿಡುತ್ತಾರೆ. ಇಲ್ಲಿ ಬಳಸುವುದು ಬೌನ್ಸಿ ಕ್ಯಾಸಲ್ ಲೈಬ್ರರಿಯಲ್ಲಿರುವ ವೈಯರ್‌ಸ್ಟ್ರಾಸ್ ರೂಪ, ಕೀಲಿಯ ಉದ್ದವೇ ಬೇರೆ. ನಿಮ್ಮದು ಪೈಥಾನ್ ಅಥವಾ ಪಿಎಚ್‌ಪಿ ಆದರೆ ಹೊಸದಾಗಿ ಬರೆಯುವ ಸಾಹಸ ಬೇಡ. ಫಿಡೆಲಿಯಸ್ ಎಂಬ ಓಪನ್ ಸೋರ್ಸ್ ಸಾಧನ ಇದಕ್ಕೆಂದೇ ಇದೆ. ಕನಿಷ್ಠ ನಿಮ್ಮ ಉತ್ತರವನ್ನು ಅದರ ಉತ್ತರದ ಜೊತೆ ತಾಳೆ ನೋಡಿ.

ಕಳಿಸುವ ಮೊದಲು ಒಪ್ಪಿಗೆ ಪತ್ರವನ್ನು ಓದಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಬಗೆಯ ದಾಖಲೆ, ಯಾವಾಗ ಮುಗಿಯುತ್ತದೆ ಎಲ್ಲ ಅದರಲ್ಲಿರುತ್ತದೆ. ರೋಗಿ ಲ್ಯಾಬ್ ವರದಿಗೆ ಮಾತ್ರ ಒಪ್ಪಿದ್ದರೆ ಡಿಸ್ಚಾರ್ಜ್ ಸಮ್ಮರಿ ಹೋಗಬಾರದು.

ಎಂ3 ಇದರದ್ದೇ ತಿರುವುಮುರುವು. ನೀವು ಕೇಳುತ್ತೀರಿ, ರೋಗಿ ಒಪ್ಪುತ್ತಾನೆ, ದಾಖಲೆ ಬರುತ್ತದೆ, ಬೀಗ ತೆಗೆದು ಡಾಕ್ಟರಿಗೆ ತೋರಿಸುತ್ತೀರಿ. ಒಂದೇ ವಿಷಯ ಮರೆಯಬೇಡಿ: ಒಪ್ಪಿಗೆಯಲ್ಲಿ ಅಳಿಸಬೇಕಾದ ತಾರೀಕು ಇರುತ್ತದೆ. ಆ ದಿನ ದಾಖಲೆ ತಾನಾಗಿ ಅಳಿಯುವ ಕೆಲಸವನ್ನು ಕೋಡಿನಲ್ಲಿ ಹಾಕಿ. ಬ್ಯಾಕಪ್ಪಿನಿಂದಲೂ.

ಬೇಕೆಂದೇ ಕೆಡಿಸಿ ನೋಡಿ

ಎಲ್ಲ ಸರಿಯಾಗಿ ನಡೆಯುವ ದಾರಿಯನ್ನು ಮಾತ್ರ ನೋಡಿ ಪರೀಕ್ಷೆಗೆ ಹೋಗುವವರೇ ಜಾಸ್ತಿ. ಕಲ್ಪಿತ ರೋಗಿಗಳನ್ನು ಮಾಡುವಾಗ ಕಷ್ಟದವರನ್ನೇ ಮಾಡಿ. ಒಂದೇ ಮೊಬೈಲಿನ ಅಪ್ಪ ಮಗ, ಅವಳಿ ಅಕ್ಕತಂಗಿ, ಒಂದೇ ಮನೆಯ ಇಬ್ಬರು ಸಾವಿತ್ರಿಯರು. ಒಪ್ಪಿಗೆ ನಿರಾಕರಿಸಿ ನೋಡಿ, ಕೊಟ್ಟು ಹಿಂದಕ್ಕೆ ಪಡೆದು ನೋಡಿ, ಅವಧಿ ಮುಗಿದ ಮೇಲೆ ಕೇಳಿ ನೋಡಿ. ಒಂದೇ ಕಾಲ್‌ಬ್ಯಾಕ್ ಎರಡು ಸಲ ಬಂದರೆ ಏನಾಗುತ್ತದೆ? ಕಳಿಸುವ ನಡುವೆ ಆಸ್ಪತ್ರೆಯ ನೆಟ್ ವೈರು ಕಿತ್ತು ನೋಡಿ. ಇದೊಂದನ್ನು ನಮ್ಮ ಜಿಲ್ಲೆಯವರು ಬಿಡಲೇಬಾರದು.

ಲಾಗುಗಳಲ್ಲಿ ರಿಕ್ವೆಸ್ಟ್ ಐಡಿ, ಸಮಯ, ಯಶಸ್ಸು ಅಥವಾ ತಪ್ಪಿನ ಸಂಕೇತ ಇರಲಿ. ರೋಗಿಯ ಹೆಸರು, ರಿಪೋರ್ಟು ಬೇಡ. ಸರ್ಟ್-ಇನ್ ನಿರ್ದೇಶನದಂತೆ ಲಾಗುಗಳನ್ನು 180 ದಿನ ಇಡಬೇಕು. ಭದ್ರತೆಗೆ ಧಕ್ಕೆಯಾದರೆ ಗೊತ್ತಾದ 6 ತಾಸಿನೊಳಗೆ ಅವರಿಗೆ ತಿಳಿಸಬೇಕು. ಆ 6 ತಾಸಿನಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಚೀಟಿ ಸರ್ವರ್ ಕೋಣೆಯ ಗೋಡೆಯ ಮೇಲಿರಲಿ.

ಅಂಗಳದಿಂದ ಹೊರಗೆ

ಮೈಲಿಗಲ್ಲುಗಳು ಮುಗಿದ ಮೇಲೆ ಕಾರ್ಯ ಪರೀಕ್ಷೆ ಇರುತ್ತದೆ. ಪರೀಕ್ಷೆ ಮಾಡುವವರಿಗೆ ನೀವು ಒಂದೊಂದಾಗಿ ಎಲ್ಲ ನಡೆಸಿ ತೋರಿಸಬೇಕು. ಜೊತೆಗೆ ಸರ್ಟ್-ಇನ್ ಮಾನ್ಯತೆ ಇರುವ ಸಂಸ್ಥೆಯಿಂದ ಸಾಫ್ಟ್‌ವೇರಿನ ಭದ್ರತಾ ಆಡಿಟ್ ಮಾಡಿಸಿ, ‘ಸೇಫ್ ಟು ಹೋಸ್ಟ್’ ಪ್ರಮಾಣಪತ್ರ ಪಡೆಯಬೇಕು. ಆಡಿಟ್‌ಗೆ ಹಣ ಬೇಕು, ಅವರು ಹೇಳಿದ್ದನ್ನು ಸರಿಪಡಿಸಿ ಮತ್ತೆ ತೋರಿಸಲು ಸಮಯವೂ ಬೇಕು. ಹಾಗಾಗಿ ಎಂ2 ನಡೆಯುತ್ತಿರುವಾಗಲೇ ಆಡಿಟ್‌ನವರ ಜೊತೆ ಮಾತಾಡಿ. ಸಣ್ಣ ಆಸ್ಪತ್ರೆಗಳಿಗೆ ಈ ಖರ್ಚು ಭಾರ. ಒಂದೇ ಸಾಫ್ಟ್‌ವೇರ್ ಬಳಸುವ ಮೂರ್ನಾಲ್ಕು ಆಸ್ಪತ್ರೆಗಳು ಸೇರಿ ಮಾಡಿಸಿದರೆ ಹಗುರಾಗುತ್ತದೆ.

ಆಮೇಲೆ ನಿಜವಾದ ವ್ಯವಸ್ಥೆಯ ಕೀಲಿಗಳು ಸಿಗುತ್ತವೆ. ಸ್ಯಾಂಡ್‌ಬಾಕ್ಸಿನ ಕೀಲಿ, ವಿಳಾಸ, ಪರೀಕ್ಷಾ ರೋಗಿಗಳು ಒಂದೂ ಅತ್ತ ಹೋಗದಂತೆ ಎರಡು ಸರ್ವರುಗಳನ್ನು ಪೂರ್ತಿ ಬೇರೆ ಇಡಿ. ಆಸ್ಪತ್ರೆ ಎಚ್‌ಎಫ್‌ಆರ್ ಪಟ್ಟಿಯಲ್ಲಿ ನೋಂದಣಿಯಾಗಿ, ಆ ಐಡಿ ನಿಮ್ಮ ಸಾಫ್ಟ್‌ವೇರಿಗೆ ಜೋಡಣೆಯಾಗಿರಬೇಕು.

ಶುರುವಿನಲ್ಲಿ ಇಡೀ ಆಸ್ಪತ್ರೆಗೆ ತೆರೆಯಬೇಡಿ. ಡಿಸ್ಚಾರ್ಜ್ ಕೌಂಟರ್ ಒಂದರಿಂದ ಶುರು ಮಾಡಿ, ಅದರಲ್ಲೂ ಬೇರೆ ಊರಿಗೆ ಕಳಿಸುವ ರೋಗಿಗಳಿಂದ. ಆಂಬುಲೆನ್ಸ್ ಹೊರಡುವ ಮೊದಲು ಸಮ್ಮರಿಯೂ ಲ್ಯಾಬ್ ವರದಿಯೂ ಜೋಡಣೆಯಾಗಿವೆಯೇ ಎಂದು ನೋಡುವ ಹೊಣೆಯನ್ನು ಪಾಳಿಯ ಒಬ್ಬ ನರ್ಸಿಗೆ ಹೆಸರು ಹೇಳಿ ಕೊಡಿ. ಕಾಗದದ ಪ್ರತಿಯನ್ನೂ ಮನೆಯವರ ಕೈಗೆ ಕೊಟ್ಟೇ ಕಳಿಸಿ. ಅತ್ತಲಿನ ಆಸ್ಪತ್ರೆ ಇನ್ನೂ ಜೋಡಣೆಯಾಗಿಲ್ಲದೇ ಇರಬಹುದು.